ನಿಂತು ಕೆಡುವ ಯಂತ್ರ: ಲಾನ್ ಮೋವರ್ ರಿಪೇರಿಯ ಒಳಗುಟ್ಟು

ನಮ್ಮ ಬಡಾವಣೆಯ ಪಾರ್ಕಿಗೆ ಒಂದು ಲಾನ್ ಮೋವರ್ ಇದೆ. ಹ್ಯಾಂಡಲ್ ಹಿಡಿದು ಹಿಂದಿನಿಂದ ತಳ್ಳಿಕೊಂಡು ಹೋಗುವಂಥದ್ದು, 160 ಸಿಸಿಯ ಪೆಟ್ರೋಲ್ ಎಂಜಿನ್. ಮಳೆಗಾಲದಲ್ಲಿ ವಾರ ವಾರ ಅದಕ್ಕೆ ಕೆಲಸ. ದೀಪಾವಳಿ ಕಳೆದ ಮೇಲೆ ಹುಲ್ಲಿನ ಬೆಳವಣಿಗೆ ನಿಧಾನವಾಗುತ್ತದೆ. ಸಂಕ್ರಾಂತಿ ಹೊತ್ತಿಗೆ ಯಂತ್ರ ಪಂಪ್ ಹೌಸ್ ಪಕ್ಕದ ಶೆಡ್ ಸೇರುತ್ತದೆ. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದು ಹುಲ್ಲು ಮೊಣಕಾಲಿಗೆ ಬಂದಾಗ ಹೊರಗೆ ತಂದು ಹಗ್ಗ ಎಳೆದರೆ, ಊಹೂಂ. ಮಾಲಿ ಎಳೆಯುತ್ತಾರೆ, ನಾನು ಎಳೆಯುತ್ತೇನೆ, ವಾಕಿಂಗ್ ಬಂದವರೂ ಕೈ ನೋಡೋಣ ಅಂತ ಒಂದೆರಡು ಸಲ ಎಳೆದು ಹೋಗುತ್ತಾರೆ. ಎಲ್ಲರ ಭುಜ ನೋಯುತ್ತದೆ, ಎಂಜಿನ್ ಮಾತ್ರ ಕೆಮ್ಮುವುದೂ ಇಲ್ಲ.

ಮೊದಲ ವರ್ಷ ರಿಪೇರಿಗೆ ಕೊಟ್ಟೆವು. ‘ಕಾರ್ಬೊರೇಟರ್ ಹೋಗಿದೆ’ ಅಂತ, ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಭಾಗ ಕೆಟ್ಟಿದೆ ಅಂತ, ಹೊಸದು ಹಾಕಿ ಬಿಲ್ ಕೊಟ್ಟರು. ಹಳೆಯದನ್ನು ಒಂದು ಕವರಿನಲ್ಲಿ ಹಾಕಿ ವಾಪಸ್ ಕೊಟ್ಟಿದ್ದರು. ಮುಂದಿನ ಜೂನ್‌ನಲ್ಲಿ ಮತ್ತೆ ಅದೇ ಕತೆ ಆದಾಗ ಆ ಹಳೆಯ ಕಾರ್ಬೊರೇಟರ್ ಬಿಚ್ಚಿ ನೋಡಿದೆ. ಹೋಗಿದ್ದೇನೂ ಇರಲಿಲ್ಲ. ಒಂದು ಸಣ್ಣ ತೂತು ಮುಚ್ಚಿಕೊಂಡಿತ್ತು, ಅಷ್ಟೇ. ಮೋವರ್ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಜಾಸ್ತಿ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಮುಂದೆ ಹೋಗುವ ಮೊದಲು ಒಂದು ಮಾತು. ಮೋವರ್‌ನ ಹೊಟ್ಟೆಗೆ ಕೈ ಹಾಕುವ ಮುನ್ನ ಎಂಜಿನ್‌ನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಕಿತ್ತು ಪಕ್ಕಕ್ಕೆ ಇಡಿ. ಇದರಲ್ಲಿ ಬ್ಲೇಡ್ ನೇರವಾಗಿ ಎಂಜಿನ್‌ನ ಶಾಫ್ಟಿಗೇ ಕೂತಿರುತ್ತದೆ. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೆ ಎಂಜಿನ್ನೂ ತಿರುಗುತ್ತದೆ. ಒಳಗೆ ಒಂದು ಗುಟುಕು ಪೆಟ್ರೋಲ್ ಆವಿ ಇದ್ದು ಕಿಡಿ ಹಾರಿದರೆ ಆ ಒಂದು ಸುತ್ತು ಸಾಕು, ಬೆರಳು ಉಳಿಯುವುದಿಲ್ಲ. ಕ್ಯಾಪ್ ತೆಗೆಯಲು ಎರಡು ಸೆಕೆಂಡೂ ಬೇಡ.

ನಾಲ್ಕು ಪ್ರಶ್ನೆ

ಎಂಜಿನ್ ಓಡಲು ಪೆಟ್ರೋಲ್ ಬೇಕು, ಗಾಳಿ ಬೇಕು, ಕಿಡಿ ಬೇಕು, ಆ ಗಾಳಿ ಪೆಟ್ರೋಲನ್ನು ಹಿಂಡಿ ಹಿಡಿಯುವ ಒತ್ತಡ ಬೇಕು. ಸ್ಟಾರ್ಟ್ ಆಗಲಿಲ್ಲ ಅಂದರೆ ಈ ನಾಲ್ಕರಲ್ಲಿ ಒಂದು ಇಲ್ಲ ಅಂತ ಅರ್ಥ. ಯಾವುದು ಅಂತ ಕಂಡುಹಿಡಿಯದೆ ಪಾರ್ಟ್ ಬದಲಿಸುತ್ತಾ ಹೋಗುವುದು ಜ್ವರ ಬಂದವರಿಗೆ ಕನ್ನಡಕ ಬದಲಿಸಿದಂತೆ.

ಹುಡುಕಲು ಪ್ಲಗ್‌ನಿಂದಲೇ ಶುರು ಮಾಡಬಹುದು. ಏಳೆಂಟು ಸಲ ಹಗ್ಗ ಎಳೆದ ಮೇಲೆ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ತನಕ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪೆಟ್ರೋಲ್ ಬಂದಿದೆ, ಹತ್ತಿಕೊಂಡಿಲ್ಲ. ಕಪ್ಪು ಮಸಿ ಮೆತ್ತಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಅಂದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ತಡೆಯುವ ಮುಚ್ಚಳ) ಪೂರ್ತಿ ತೆರೆಯುತ್ತಿಲ್ಲ. ತಿಳಿ ಕಂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿ ಉರಿಯುತ್ತಿತ್ತು ಅಂತ ಲೆಕ್ಕ.

ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಎಂಜಿನ್‌ಗೆ ತಾಗಿಸಿ, ಒಬ್ಬರು ಹಗ್ಗ ಎಳೆಯಬೇಕು. ಪ್ಲಗ್ ಬಿಚ್ಚಿದ ತೂತಿನ ಪಕ್ಕದಲ್ಲೇ ಇದನ್ನು ಮಾಡಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಪ್ಲಗ್ಗನ್ನು ಬರಿಗೈಯಲ್ಲೂ ಹಿಡಿಯಬೇಡಿ. ನೆರಳಿನಲ್ಲಿ ನಿಂತು ನೋಡಿದರೆ ನೀಲಿ ಕಿಡಿ ಕಾಣುತ್ತದೆ. ಪ್ಲಗ್‌ನ ಎರಡು ತುದಿಗಳ ನಡುವಿನ ಸಂದು ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ಅಳೆಯಲು ಗೇಜ್ ಇಲ್ಲವೇ? ಜೇಬಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಹಳೆಯ, ಅವಧಿ ಮುಗಿದ ಕಾರ್ಡು ಬಳಸಿ, ಮಸಿ ಆಗುತ್ತೆ.

ಕಿಡಿ ಬರಲೇ ಇಲ್ಲ ಅಂದಾಗ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಸುಟ್ಟಿದೆ ಅಂತ ಹೇಳುವುದು ಎಲ್ಲರಿಗೂ ಸುಲಭ. ಅದಕ್ಕಿಂತ ಮೊದಲು ಹ್ಯಾಂಡಲ್ ಜೊತೆ ಒತ್ತಿ ಹಿಡಿಯುವ ಲಿವರ್ ನೋಡಬೇಕು. ಅದನ್ನು ಬಿಟ್ಟರೆ ಎರಡು ಕೆಲಸ ಆಗುತ್ತವೆ: ಒಂದು ಬ್ರೇಕ್ ಹೋಗಿ ಎಂಜಿನ್ ಜೊತೆ ತಿರುಗುವ ಭಾರದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಅಮುಕುತ್ತದೆ, ಕಾಯಿಲ್‌ನ ಕರೆಂಟ್ ಎಂಜಿನ್‌ನ ಮೈಗೆ ಇಳಿದು ಕಿಡಿ ನಿಲ್ಲುತ್ತದೆ. ಅಮೆರಿಕದಲ್ಲಿ 1982ರಿಂದ ತಳ್ಳುವ ಮೋವರ್‌ಗಳಿಗೆ ಇಂಥ ನಿಯಮ ಇದೆ. ಕೈ ಬಿಟ್ಟ 3 ಸೆಕೆಂಡಿನಲ್ಲಿ ಬ್ಲೇಡ್ ನಿಲ್ಲಲೇಬೇಕು. ಕೇಬಲ್ ಸಡಿಲವಾದರೆ ನೀವು ಲಿವರ್ ಹಿಡಿದಿದ್ದರೂ ಆ ಬ್ರೇಕ್ ಪೂರ್ತಿ ಬಿಟ್ಟಿರುವುದಿಲ್ಲ. ಕಿಡಿಯೂ ಇಲ್ಲ, ಹಗ್ಗವೂ ಬಿಗಿ. ಕೇಬಲ್‌ನ ನಟ್ ಒಂದಿಷ್ಟು ತಿರುಗಿಸಿದರೆ ಸರಿಹೋಗುವ ಕೆಲಸಕ್ಕೆ ಕಾಯಿಲ್ ದುಡ್ಡು ಯಾಕೆ ಕೊಡಬೇಕು?

ಒತ್ತಡದ ಬಗ್ಗೆ ಇಷ್ಟು ಸಾಕು: ಹಗ್ಗ ನಿಧಾನವಾಗಿ ಎಳೆದರೆ ಒಂದು ಕಡೆ ಕೈಗೆ ಗಟ್ಟಿಯಾಗಿ ತಡೆ ಸಿಗಬೇಕು. ಬರಿ ದಾರ ಎಳೆದಂತೆ ಸಲೀಸಾಗಿ ಬಂದರೆ ವಾಲ್ವ್ ಅಥವಾ ರಿಂಗಿನ ಸಮಸ್ಯೆ. ಅದು ಮೆಕ್ಯಾನಿಕ್ ಕೆಲಸ, ನಾನು ಕೈ ಹಾಕುವುದಿಲ್ಲ.

ಪೆಟ್ರೋಲ್ ಹಳಸುತ್ತದೆ

ಪ್ಲಗ್ ಒಣಗಿದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ. ನಮ್ಮ ಪಾರ್ಕಿನ ಕಾಯಿಲೆ ಇದೇ. ಬಹುಶಃ ನಿಮ್ಮದೂ ಇದೇ ಇರಬಹುದು.

ಪೆಟ್ರೋಲ್ ಒಂದೇ ವಸ್ತು ಅಲ್ಲ, ಹಗುರ ಮತ್ತು ಭಾರದ ಎಷ್ಟೋ ದ್ರವಗಳ ಮಿಶ್ರಣ. ಎಂಜಿನ್ ತಣ್ಣಗಿದ್ದಾಗ ಹತ್ತಿಕೊಳ್ಳಲು ಬೇಕಾದ ಹಗುರ ಭಾಗವೇ ಮೊದಲು ಆವಿಯಾಗಿ ಹೋಗುತ್ತದೆ. ಉಳಿದದ್ದು ನಿಧಾನಕ್ಕೆ ಗಾಳಿಯ ಜೊತೆ ಸೇರಿ ಅಂಟಾಗುತ್ತದೆ. ಟ್ಯಾಂಕಿನಲ್ಲಿ ಹೆಚ್ಚು ಇರುವುದರಿಂದ ಅಲ್ಲಿ ಗೊತ್ತಾಗುವುದಿಲ್ಲ. ಕಾರ್ಬೊರೇಟರ್‌ನ ಕೆಳಗಿನ ಬಟ್ಟಲಿನಲ್ಲಿ ಇರುವುದು ಕೆಲವೇ ಚಮಚ. ಅದು ಪೂರ್ತಿ ಇಂಗಿ, ತಳದಲ್ಲಿ ಹಲಸಿನ ಮೇಣದಂಥ ಜಿಡ್ಡು ಉಳಿಯುತ್ತದೆ. ಆ ಬಟ್ಟಲಿನಿಂದ ಪೆಟ್ರೋಲ್ ಮೇಲೇರುವ ಜೆಟ್‌ನ ತೂತು 1 ಮಿಲಿಮೀಟರಿಗೂ ಸಣ್ಣದು. ಮುಚ್ಚಿಕೊಳ್ಳಲು ಎಷ್ಟು ಜಿಡ್ಡು ಬೇಕು ಹೇಳಿ.

ಈಗ ಇದಕ್ಕೆ ಇನ್ನೊಂದು ಸೇರಿದೆ. 2023ರ ಫೆಬ್ರುವರಿಯಲ್ಲಿ ಇ20 ಪೆಟ್ರೋಲ್ ದೇಶಕ್ಕೆ ಬಿಡುಗಡೆಯಾಗಿದ್ದು ಬೆಂಗಳೂರಿನಲ್ಲೇ. ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಜಾಸ್ತಿಯಾದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ ಕುಡಿಯುವುದು ತಳದಿಂದಲೇ ಅಲ್ವಾ? ಸಾಲದ್ದಕ್ಕೆ ಹಳೆಯ ರಬ್ಬರ್ ಪೈಪು, ವಾಷರ್‌ಗಳು ಎಥೆನಾಲ್‌ನಿಂದ ಉಬ್ಬಿ ಬಿರುಕು ಬಿಡಬಹುದು. ಅಮೆರಿಕದ ಸಣ್ಣ ಎಂಜಿನ್ ತಯಾರಕರು ಕೈಪಿಡಿಯಲ್ಲಿ 10 ಭಾಗಕ್ಕಿಂತ ಜಾಸ್ತಿ ಎಥೆನಾಲ್ ಬೇಡ ಅಂತಲೇ ಬರೆಯುತ್ತಾರೆ. ದಿನಾ ಓಡುವ ಸ್ಕೂಟರ್‌ನಲ್ಲಿ ಪೆಟ್ರೋಲ್ ವಾರದೊಳಗೆ ಖಾಲಿಯಾಗುತ್ತದೆ. ಐದು ತಿಂಗಳು ನಿಲ್ಲುವ ಮೋವರ್‌ನ ಕತೆ ಬೇರೆ.

ಹಾಗಾಗಿ ಮೊದಲ ಕೆಲಸ ಹಳೆಯ ಪೆಟ್ರೋಲ್ ತೆಗೆಯುವುದು. ಗಾಜಿನ ಬಾಟಲಿಗೆ ಹಿಡಿದು ನೋಡಿ. ಬಣ್ಣ ಕಪ್ಪಾಗಿ, ವಾಸನೆ ಹಳೆಯ ಪೇಂಟಿನ ಹಾಗೆ ಹುಳಿಯಾಗಿದ್ದರೆ ಅದು ಹಳಸಿದೆ. ಕಾರ್ಬೊರೇಟರ್ ಬಟ್ಟಲಿನ ಕೆಳಗೆ ಸಾಮಾನ್ಯವಾಗಿ ಒಂದೇ ಬೋಲ್ಟ್ ಇರುತ್ತದೆ. ಪೆಟ್ರೋಲ್ ಕಾಕ್ ಮುಚ್ಚಿ ಅದನ್ನು ಬಿಚ್ಚಿದರೆ ಬಟ್ಟಲು ಕೈಗೆ ಬರುತ್ತದೆ. ಒಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಇರುತ್ತದೆ, ಅದರ ಪಿನ್ ಎಳೆದರೆ ಅದೂ ಅದರ ಸಣ್ಣ ಸೂಜಿಯೂ ಹೊರಗೆ ಬರುತ್ತವೆ. ಆ ಸೂಜಿ ನೆಲಕ್ಕೆ ಬಿದ್ದರೆ ಅರ್ಧ ದಿನ ಹುಡುಕುತ್ತೀರಿ. ಕೆಳಗೆ ಒಂದು ಬಿಳಿ ಪಂಚೆ ಹಾಸಿಕೊಳ್ಳಿ. ನಡುವಿನ ಕಂಬದೊಳಗೆ ಹಿತ್ತಾಳೆ ಜೆಟ್ ಇರುತ್ತದೆ. ಅದಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಮಾತ್ರ ಬಳಸಿ, ಹಿತ್ತಾಳೆ ಬಹಳ ಮೃದು. ಬಿಚ್ಚಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ತೂತಿನಲ್ಲಿ ಗುಂಡನೆಯ ಬೆಳಕು ಕಾಣಬೇಕು.

ಕಾಣಲಿಲ್ಲವೇ? ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಆಮೇಲೆ ವೈರಿನೊಳಗಿನ ತಾಮ್ರದ ಒಂದು ಎಳೆ ತೂರಿಸಿ. ತಾಮ್ರ ಹಿತ್ತಾಳೆಗಿಂತ ಮೆತ್ತಗೆ, ತೂತು ಹಿಗ್ಗುವುದಿಲ್ಲ. ಸೂಜಿ, ಪಿನ್ನು, ಸಣ್ಣ ಡ್ರಿಲ್ ಇವೆಲ್ಲ ಬೇಡವೇ ಬೇಡ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್‌ನ ಲೆಕ್ಕ ತಪ್ಪುತ್ತದೆ, ಆಮೇಲೆ ಹೊಸ ಜೆಟ್ಟೇ ಗತಿ. ಕೊನೆಗೆ ಪಂಕ್ಚರ್ ಅಂಗಡಿಗೆ ಒಯ್ದು ಎಲ್ಲ ತೂತಿಗೂ ಗಾಳಿ ಹೊಡೆಸಿದರೆ ಆಯಿತು. ಸ್ಪ್ರೇ ಮಾಡುವಾಗ ಕನ್ನಡಕ ಹಾಕಿಕೊಳ್ಳಿ. ಇನ್ನೊಂದು ತೂತಿನಿಂದ ಅದು ಸೀದಾ ಮುಖಕ್ಕೇ ಬರುತ್ತದೆ, ನನಗೆ ಬಂದಿದೆ.

ಇಲ್ಲೊಂದು ತಮಾಷೆ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕ್, ಸ್ಕೂಟರ್‌ಗಳೆಲ್ಲ ಹೆಚ್ಚುಕಡಿಮೆ ಕಾರ್ಬೊರೇಟರ್ ಬಿಟ್ಟು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್‌ಗೆ ತಿರುಗಿದವು. ಈಗಿನ ಹುಡುಗರಿಗೆ ಕಾರ್ಬೊರೇಟರ್ ಅಪರೂಪ. ಹಾಗಾಗಿ ಮೋವರ್ ರಿಪೇರಿಗೆ ಥಳಥಳ ಹೊಳೆಯುವ ಶೋರೂಮಿಗಿಂತ ಹಳೆಯ ಸ್ಕೂಟರ್ ಮೆಕ್ಯಾನಿಕ್ಕೇ ವಾಸಿ. ಒಳಗಿರುವುದು ಅವರಿಗೆ ಗೊತ್ತಿರುವ ಸಾಮಾನೇ.

ಓಡುತ್ತದೆ, ಆದರೆ...

ಸ್ಟಾರ್ಟ್ ಆಗುತ್ತದೆ, ಆದರೆ ಸದ್ದು ಉಯ್ಯಾಲೆಯಂತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇದು ಯಾಕೆ ಅಂತ ತಿಳಿಯಲು ಎಂಜಿನ್‌ನ ವೇಗ ಕಾಯುವ ಗವರ್ನರ್ ಗೊತ್ತಿರಬೇಕು. ಹುಲ್ಲು ದಟ್ಟ ಇರಲಿ, ತೆಳು ಇರಲಿ, ಎಂಜಿನ್ ಒಂದೇ ವೇಗದಲ್ಲಿ ಓಡಬೇಕು. ಒಂದು ಸ್ಪ್ರಿಂಗ್ ಸದಾ ಥ್ರಾಟಲ್ (ಎಂಜಿನ್‌ಗೆ ಗಾಳಿ, ಪೆಟ್ರೋಲ್ ಬಿಡುವ ಬಾಗಿಲು) ತೆರೆಯಲು ಎಳೆಯುತ್ತಿರುತ್ತದೆ. ಎಂಜಿನ್ ವೇಗವಾದಂತೆ ಗವರ್ನರ್ ಅದನ್ನು ಮುಚ್ಚಲು ನೋಡುತ್ತದೆ. ಇಬ್ಬರ ಹಗ್ಗ ಜಗ್ಗಾಟದಲ್ಲಿ ವೇಗ ಒಂದು ಕಡೆ ನಿಲ್ಲುತ್ತದೆ. ಜೆಟ್ ಅರ್ಧ ಮುಚ್ಚಿ ಪೆಟ್ರೋಲ್ ಸಾಲದೆ ಹೋದಾಗ ವೇಗ ಬೀಳುತ್ತದೆ, ಸ್ಪ್ರಿಂಗ್ ಥ್ರಾಟಲ್ ತೆರೆಯುತ್ತದೆ, ವೇಗ ಒಮ್ಮೆಲೇ ಏರುತ್ತದೆ, ಗವರ್ನರ್ ಮುಚ್ಚುತ್ತದೆ, ಮತ್ತೆ ಬೀಳುತ್ತದೆ. ಹೀಗೇ ನಡೆಯುತ್ತದೆ. ಜನ ಗವರ್ನರ್ ಸ್ಪ್ರಿಂಗ್ ಬಗ್ಗಿಸಲು ಹೋಗುತ್ತಾರೆ. ಅದರ ತಪ್ಪೇನೂ ಇಲ್ಲ. ಓಡುತ್ತಿರುವಾಗ ಚೋಕನ್ನು ಅರ್ಧ ಎಳೆದು ನೋಡಿ. ಉಯ್ಯಾಲೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ, ಹೆಚ್ಚಿನ ಸಲ ಜೆಟ್ ಕಟ್ಟಿರುತ್ತದೆ.

ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತುಬಿಡುವುದು ಇನ್ನೊಂದು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆ ಒಂದು ಸಣ್ಣ ದಾರಿ ಇರುತ್ತದೆ. ಅದು ಧೂಳಿನಿಂದಲೋ ಕುಂಬಾರ ಹುಳ ಕಟ್ಟಿದ ಮಣ್ಣಿನಿಂದಲೋ ಮುಚ್ಚಿದರೆ, ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಬರದೆ ಹರಿವು ನಿಲ್ಲುತ್ತದೆ. ನಿಂತ ಕೂಡಲೇ ಮುಚ್ಚಳ ಸಡಿಲ ಮಾಡಿ ಹಗ್ಗ ಎಳೆಯಿರಿ. ಎದ್ದರೆ ರೋಗ ಸಿಕ್ಕಿತು.

ಬಿಳಿ ಹೊಗೆ ದಟ್ಟವಾಗಿ ಬಂತಾ? ಗಾಬರಿ ಬೇಡ, ಯಾರೋ ಮೋವರನ್ನು ತಪ್ಪು ಮಗ್ಗುಲಿಗೆ ಮಲಗಿಸಿದ್ದಾರೆ. ಎಣ್ಣೆ ಸಿಲಿಂಡರಿಗೂ ಏರ್ ಫಿಲ್ಟರಿಗೂ ಹೋಗಿದೆ. ಐದು ನಿಮಿಷದಲ್ಲಿ ಸುಟ್ಟು ಹೋಗುತ್ತದೆ. ಮಲಗಿಸುವಾಗ ಕಾರ್ಬೊರೇಟರ್ ಮತ್ತು ಏರ್ ಫಿಲ್ಟರ್ ಇರುವ ಮಗ್ಗುಲು ಯಾವಾಗಲೂ ಮೇಲಕ್ಕೇ ಇರಲಿ. ಕಾಗದದ ಫಿಲ್ಟರ್ ಎಣ್ಣೆಯಲ್ಲಿ ತೊಯ್ದಿದ್ದರೆ ಅದನ್ನು ತೊಳೆಯಲು ಹೋಗಬೇಡಿ, ಬದಲಿಸಿ. ಸ್ಪಂಜಿನದಾದರೆ ಸೋಪಿನಲ್ಲಿ ತೊಳೆದು ಒಣಗಿಸಿ, ನಾಲ್ಕು ಹನಿ ಎಂಜಿನ್ ಎಣ್ಣೆ ಹಾಕಿ ಹಿಂಡಿ ವಾಪಸ್ ಇಡಬಹುದು.

ಕತ್ತರಿ ಅಲ್ಲ, ಕತ್ತಿ

1830ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನ ಸ್ಟ್ರೌಡ್ ಹತ್ತಿರ ಎಡ್ವಿನ್ ಬಡ್ಡಿಂಗ್ ಎಂಬಾತ ಮೊದಲ ಲಾನ್ ಮೋವರ್‌ಗೆ ಪೇಟೆಂಟ್ ಪಡೆದ. ಅಲ್ಲಿನ ಉಣ್ಣೆ ಮಿಲ್‌ಗಳಲ್ಲಿ ಬಟ್ಟೆಯ ಮೇಲೆದ್ದ ಎಳೆಗಳನ್ನು ಸವರಿ ತೆಗೆಯುವ ಯಂತ್ರ ನೋಡಿ ಅವನಿಗೆ ಹೊಳೆದದ್ದು ಅದು. ಉರುಳೆಯ ಮೇಲಿನ ಬ್ಲೇಡುಗಳು ಕೆಳಗಿನ ಪಟ್ಟಿಗೆ ತಾಗುತ್ತಾ ಕತ್ತರಿಯ ಹಾಗೆ ಕೆಲಸ ಮಾಡುತ್ತವೆ. ಕ್ರಿಕೆಟ್ ಪಿಚ್‌ಗಳಲ್ಲಿ ಇವತ್ತಿಗೂ ಆ ಬಗೆಯದೇ ಬಳಕೆ. ನಮ್ಮ ಪಾರ್ಕಿನದು ಹಾಗಲ್ಲ. ಇದರ ಬ್ಲೇಡ್ ಬೇಲಿ ಸವರುವ ಕತ್ತಿ. ಹುಲ್ಲನ್ನು ಆ ಕಡೆಯಿಂದ ಹಿಡಿದುಕೊಳ್ಳಲು ಇನ್ನೊಂದು ಬ್ಲೇಡ್ ಇಲ್ಲ. ಹುಲ್ಲು ಬಾಗುವಷ್ಟರಲ್ಲಿ ಹೊಡೆದು ಮುಗಿಸಬೇಕು. ಅದಕ್ಕೇ ಇಷ್ಟು ವೇಗ. 53 ಸೆಂಟಿಮೀಟರ್ ಉದ್ದದ ಬ್ಲೇಡ್ ನಿಮಿಷಕ್ಕೆ 3000 ಸುತ್ತು ಹೊಡೆದರೆ ಅದರ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿರುತ್ತದೆ.

ಬ್ಲೇಡ್ ಮೊಂಡಾದರೆ ಹುಲ್ಲು ತುಂಡಾಗುವುದಿಲ್ಲ, ಹರಿಯುತ್ತದೆ. ಒಂದೆರಡು ದಿನಕ್ಕೆ ಇಡೀ ಲಾನ್ ಮೇಲೆ ಕಂದು ಛಾಯೆ ಬರುತ್ತದೆ. ನೀರು ಸಾಲದು ಅಂತ ಮಾಲಿಯನ್ನು ಬಯ್ಯುವ ಮೊದಲು ಬಗ್ಗಿ ಒಂದು ಎಸಳಿನ ತುದಿ ನೋಡಿ. ನಾರು ನಾರಾಗಿದ್ದರೆ ತಪ್ಪು ಬ್ಲೇಡಿನದು.

ಸಾಣೆ ಹಿಡಿಯಲು ಬ್ಲೇಡ್ ಬಿಚ್ಚುವಾಗ ಯಾವ ಮುಖ ಕೆಳಗಿತ್ತು ಅಂತ ಪೇಂಟಿನಲ್ಲಿ ಗುರುತು ಹಾಕಿ. ಬ್ಲೇಡಿನ ಹಿಂಬದಿ ಅಂಚು ಮೇಲಕ್ಕೆ ಬಾಗಿರುತ್ತದೆ. ಅದು ಗಾಳಿ ಎಳೆದು ಹುಲ್ಲನ್ನು ನೆಟ್ಟಗೆ ನಿಲ್ಲಿಸುತ್ತದೆ. ತಲೆಕೆಳಗಾಗಿ ಜೋಡಿಸಿದರೆ ಹುಲ್ಲು ಮಲಗುತ್ತದೆ, ಕತ್ತರಿಸುವುದಿಲ್ಲ. ಈ ತಪ್ಪು ಮಾಡದವರು ಕಡಿಮೆ. ಅರ ಹಿಡಿದು, ಮೊದಲಿದ್ದ ಓರೆಯಲ್ಲೇ, ಸುಮಾರು 30 ಡಿಗ್ರಿ, ಎರಡೂ ಕಡೆ ಲೆಕ್ಕ ಹಾಕಿ ಅಷ್ಟಷ್ಟೇ ಸಲ ಉಜ್ಜಬೇಕು. ಕ್ಷೌರದ ಕತ್ತಿಯಷ್ಟು ಚೂಪು ಬೇಡ. ಅಷ್ಟು ತೆಳುವಾದರೆ ಮೊದಲ ಕಲ್ಲಿಗೇ ಮಡಚಿಕೊಳ್ಳುತ್ತದೆ. ಗ್ರೈಂಡರ್ ಹಿಡಿದು ನೀಲಿ ಬಣ್ಣ ಬರುವಷ್ಟು ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ.

ಆಮೇಲೆ ಗೋಡೆಗೆ ಒಂದು ಮೊಳೆ ಹೊಡೆದು ಬ್ಲೇಡಿನ ನಡುವಿನ ತೂತನ್ನು ಅದಕ್ಕೆ ತೂಗುಹಾಕಿ. ತಕ್ಕಡಿಯ ದಂಡದಂತೆ ಸಮ ನಿಲ್ಲಬೇಕು. ಒಂದು ಕಡೆ ಇಳಿದರೆ ಆ ಕಡೆ ಇನ್ನೊಂದಿಷ್ಟು ಉಜ್ಜಿ. ಹತ್ತು ಗ್ರಾಮ್ ವ್ಯತ್ಯಾಸ ಕೈಗೆ ತಿಳಿಯುವುದಿಲ್ಲ. ಆದರೆ ಆ ವೇಗದಲ್ಲಿ ಅದು ಹ್ಯಾಂಡಲ್ ನಡುಗಿಸುತ್ತದೆ, ನಟ್‌ಗಳನ್ನು ಸಡಿಲಿಸುತ್ತದೆ, ನಿಧಾನಕ್ಕೆ ಬೇರಿಂಗನ್ನೇ ತಿನ್ನುತ್ತದೆ. ಬಾಗಿದ, ಬಿರುಕು ಬಿಟ್ಟ ಬ್ಲೇಡನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡುವ ಬುದ್ಧಿವಂತಿಕೆ ಬೇಡ. ಹೊಸದು ತನ್ನಿ.

ಕಲ್ಲಿಗೆ ಬಡಿದ ಮೇಲೆ

ಇದು ನಿಂತು ಕೆಡುವ ಲೆಕ್ಕಕ್ಕೆ ಸೇರದ ಒಂದೇ ಒಂದು ದೊಡ್ಡ ತೊಂದರೆ. ಹುಲ್ಲಿನಲ್ಲಿ ಅಡಗಿದ್ದ ನಲ್ಲಿ ಪೈಪಿಗೋ ಕಲ್ಲಿಗೋ ಬ್ಲೇಡ್ ಬಡಿದು ಎಂಜಿನ್ ಧಡಕ್ಕನೆ ನಿಲ್ಲುತ್ತದೆ. ಆಮೇಲೆ ಸ್ಟಾರ್ಟ್ ಆಗುವುದಿಲ್ಲ. ಹಗ್ಗ ಎಳೆದರೆ ಕೈಯಿಂದ ವಾಪಸ್ ಕಿತ್ತುಕೊಳ್ಳುತ್ತದೆ, ಸೈಲೆನ್ಸರ್‌ನಲ್ಲಿ ಪಟಾಕಿ ಸದ್ದು ಬರುತ್ತದೆ. ಕಿಡಿ ಇದೆ, ಪೆಟ್ರೋಲ್ ಇದೆ, ಗಾಳಿ ಇದೆ. ಮತ್ತೇನು?

ಎಂಜಿನ್‌ನ ನೆತ್ತಿಯ ಮೇಲೆ ಭಾರದ ಫ್ಲೈವೀಲ್ ಇದೆ. ಅದರ ಅಂಚಿನ ಅಯಸ್ಕಾಂತ ಕಾಯಿಲ್ ಮುಂದೆ ಹಾದು ಹೋದ ಗಳಿಗೆಯಲ್ಲಿ ಕಿಡಿ ಹುಟ್ಟುತ್ತದೆ. ಫ್ಲೈವೀಲ್ ಶಾಫ್ಟಿನ ಮೇಲೆ ಯಾವ ಕೋನದಲ್ಲಿ ಕೂತಿದೆ ಅನ್ನುವುದರ ಮೇಲೆ ಕಿಡಿಯ ಸಮಯ ನಿಂತಿದೆ. ಆ ಕೋನ ಕಾಯುವುದು ಬೆರಳ ತುದಿಯಷ್ಟು ಸಣ್ಣ, ಮೆತ್ತನೆ ಲೋಹದ ಒಂದು ಕೀಲಿ. ಬ್ಲೇಡ್ ಗಕ್ಕನೆ ನಿಂತಾಗ ಶಾಫ್ಟ್ ನಿಲ್ಲುತ್ತದೆ, ಫ್ಲೈವೀಲ್ ತನ್ನ ಭಾರದ ರಭಸಕ್ಕೆ ಇನ್ನೊಂದಿಷ್ಟು ತಿರುಗುತ್ತದೆ. ಕೀಲಿ ಅರ್ಧ ಕತ್ತರಿಸಿ ಹೋಗುತ್ತದೆ. ಫ್ಲೈವೀಲ್ ಒಂದೆರಡು ಮಿಲಿಮೀಟರ್ ಸರಿದರೂ ಕಿಡಿ ತಪ್ಪು ಹೊತ್ತಿಗೆ ಬರುತ್ತದೆ. ಮೇಲಿನ ಕವರ್, ನಟ್ ಬಿಚ್ಚಿ ನೋಡಿದರೆ ಕೀಲಿ ಕೂರುವ ಶಾಫ್ಟಿನ ತೋಡೂ ಫ್ಲೈವೀಲಿನ ತೋಡೂ ನೇರಕ್ಕೆ ಇರುವುದಿಲ್ಲ. ಹೊಸ ಕೀಲಿಗೆ ಹೆಚ್ಚು ದುಡ್ಡಾಗುವುದಿಲ್ಲ. ಸಿಗಲಿಲ್ಲ ಅಂತ ಗಟ್ಟಿ ಉಕ್ಕಿನ ತುಂಡು ತುರುಕಬೇಡಿ, ಮುಂದಿನ ಏಟು ಶಾಫ್ಟಿಗೇ ಬೀಳುತ್ತದೆ.

ಕೀಲಿ ಸರಿ ಇದ್ದರೆ ಶಾಫ್ಟೇ ಬಾಗಿದೆಯಾ ನೋಡಿ. ಪ್ಲಗ್ಗನ್ನೇ ಬಿಚ್ಚಿಟ್ಟು, ಒಬ್ಬರು ನಿಧಾನಕ್ಕೆ ಹಗ್ಗ ಎಳೆಯುವಾಗ ಇನ್ನೊಬ್ಬರು ದೂರದಿಂದ ಬ್ಲೇಡಿನ ಬೋಲ್ಟ್ ತಲೆ ಗಮನಿಸಬೇಕು. ಅದು ಒಂದೇ ಬಿಂದುವಿನಲ್ಲಿ ತಿರುಗಬೇಕು. ಸುತ್ತು ಹೊಡೆದರೆ ಶಾಫ್ಟ್ ಬಾಗಿದೆ, ಆಗ ಹಳೆಯ ಮೋವರ್‌ಗೆ ದುಡ್ಡು ಹಾಕುವ ಮೊದಲು ಹೊಸದರ ಬೆಲೆ ಕೇಳಿ.

ಜನವರಿಯ ಅರ್ಧ ಗಂಟೆ

ಎಣ್ಣೆ ಬದಲಿಸುವುದಕ್ಕೆ ಹೆಚ್ಚು ಹೇಳುವುದಿಲ್ಲ. ಹೊಸ ಎಂಜಿನ್‌ಗೆ ಮೊದಲ 5 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಅನ್ನುವುದು ಸಾಮಾನ್ಯ ಲೆಕ್ಕ. ಅರ್ಧ ಲೀಟರ್ ಚಿಲ್ಲರೆ, 10ಡಬ್ಲ್ಯೂ-30 ದರ್ಜೆಯ ಎಂಜಿನ್ ಎಣ್ಣೆ ಅಥವಾ ಕೈಪಿಡಿಯಲ್ಲಿ ಬರೆದದ್ದು. ಎಂಜಿನ್ ಬೆಚ್ಚಗಿದ್ದಾಗ ತೆಗೆದರೆ ಕೊಳೆಯೂ ಜೊತೆಗೇ ಬರುತ್ತದೆ.

ಈಗ ನಾವು ಜನವರಿಯ ಒಂದು ಭಾನುವಾರ ಅರ್ಧ ಗಂಟೆ ಇದಕ್ಕೆ ಇಟ್ಟಿದ್ದೇವೆ. ಟ್ಯಾಂಕಿನ ಪೆಟ್ರೋಲ್ ತೆಗೆದು ಯಾರದಾದರೂ ಸ್ಕೂಟರಿಗೆ ಹಾಕುತ್ತೇವೆ. ಉಳಿದದ್ದು ತಾನಾಗಿ ಮುಗಿದು ನಿಲ್ಲುವ ತನಕ ಎಂಜಿನ್ ಓಡಿಸುತ್ತೇವೆ. ಬಟ್ಟಲಿನ ಬೋಲ್ಟ್ ಸಡಿಲಿಸಿ ಕೊನೆಯ ಹನಿಯನ್ನೂ ಬಿಡುತ್ತೇವೆ. ಎಣ್ಣೆ ಬದಲಿಸುತ್ತೇವೆ. ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಚಮಚ ಎಣ್ಣೆ ಹಾಕಿ, ಎರಡು ಸಲ ಮೆಲ್ಲಗೆ ಹಗ್ಗ ಎಳೆದು, ಪ್ಲಗ್ ವಾಪಸ್ ಹಾಕುತ್ತೇವೆ. ಮತ್ತೆ ಹಗ್ಗ ಎಳೆಯುತ್ತಾ ಕೈಗೆ ಗಟ್ಟಿ ತಡೆ ಸಿಕ್ಕ ಜಾಗದಲ್ಲಿ ಬಿಡುತ್ತೇವೆ. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಒಳಗೆ ತೇವ ಹೋಗುವುದಿಲ್ಲ. ಅಡಿಯಲ್ಲಿ ಮೆತ್ತಿದ ಹುಲ್ಲನ್ನು ಮರದ ತುಂಡಿನಲ್ಲಿ ಕೆರೆದು ತೆಗೆಯುತ್ತೇವೆ, ಅದೇ ತಗಡಿಗೆ ತುಕ್ಕು ಹಿಡಿಸುವುದು. ಸೈಲೆನ್ಸರ್ ಬಾಯಿಗೆ ಒಂದು ಬಟ್ಟೆ ತುರುಕುತ್ತೇವೆ. ಇಲಿ, ಕುಂಬಾರ ಹುಳ ಎರಡಕ್ಕೂ ನಮ್ಮ ಶೆಡ್ ಬಹಳ ಇಷ್ಟ.

ಕೊನೆಗೆ ಹ್ಯಾಂಡಲ್‌ಗೆ ಒಂದು ರಟ್ಟು ಕಟ್ಟುತ್ತೇವೆ. ಅದರಲ್ಲಿ ಎಣ್ಣೆ ಬದಲಿಸಿದ ತಾರೀಕು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ‘ಪೆಟ್ರೋಲ್ ಇಲ್ಲ. ಸೈಲೆನ್ಸರ್‌ನಲ್ಲಿ ಬಟ್ಟೆ ಇದೆ. ಸುಮ್ನೆ ಹಗ್ಗ ಎಳೆಯಬೇಡಿ.’ ಆದರೂ ವಾಕಿಂಗ್ ಬಂದವರಲ್ಲಿ ಇಬ್ಬರು ಎಳೆದು ನೋಡುತ್ತಾರೆ.